ಜಲಪೂರಣ ನ್ಯಾಯ: ಒಂದು ವಿಮರ್ಶೆ

ಬಹುವಾಹಕ ನಿಸ್ತಂತು ಸಂಪರ್ಕದಲ್ಲಿ ಸಂದೇಶವು ದೋಷ ತಿದ್ದುವ ಸಂಕೇತವನ್ನು ತೊಟ್ಟು, ನೂರಾರು ಕಿರಿಯ ಉಪವಾಹಕಗಳಲ್ಲಿ ಹಂಚಿಕೊಂಡು ಸಾಗುತ್ತದೆ. ಅವುಗಳಲ್ಲಿ ಕೆಲವು ಸ್ಪಷ್ಟವಾಗಿ ತಲಪುತ್ತವೆ. ಕೆಲವು ದಾರಿಯಲ್ಲಿಯೇ ಕುಗ್ಗುತ್ತವೆ. ಯಾವುದಕ್ಕೆ ಎಷ್ಟು ಶಕ್ತಿಯನ್ನು ಕೊಡಬೇಕೆಂಬ ಪ್ರಶ್ನೆಗೆ ಶಾಸ್ತ್ರವು ಕೊಡುವ ಉತ್ತರವೇ ಜಲಪೂರಣ ನ್ಯಾಯ. ಇದರ ಮೂಲವು ಶ್ಯಾನನ್ನನ 1949ರ ಪ್ರಬಂಧದಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಾಚಕರಿಗೆ ಈ ಉಪಮೆ ಸುಲಭವಾಗಿ ತಿಳಿಯತಕ್ಕುದು. ಗದ್ದಲ ಕಡಿಮೆಯಿರುವ ವಾಹಕವು ಕೆರೆಯಂಗಳದ ಮಡು. ಅಲ್ಲಿ ಹೆಚ್ಚು ಶಕ್ತಿ ನಿಲ್ಲುತ್ತದೆ. ಗದ್ದಲ ಮಿಕ್ಕ ವಾಹಕವು ದಿಬ್ಬ; ಅದಕ್ಕೆ ಹನಿಯೂ ಇಲ್ಲ.

ಈ ಗಣಿತವು ನಿರ್ದುಷ್ಟವಾದುದು. ನಮ್ಮ ಆಕ್ಷೇಪವೆಲ್ಲ ಅದರ ಅನ್ವಯವನ್ನು ಕುರಿತುದು.

ಮೊದಲನೆಯದಾಗಿ, ಶಕ್ತಿಯ ಹೊಂದಾಣಿಕೆಗೆ ಇಲ್ಲದ ಹಿರಿಮೆಯನ್ನು ಕಟ್ಟುವ ಪ್ರಬಂಧಗಳು ಅನೇಕ. ಬಿಟ್‌ಗಳ ವೇಗವನ್ನು ಸ್ಥಿತಿಗೆ ತಕ್ಕಂತೆ ಬದಲಿಸುತ್ತಿದ್ದರೆ, ಅದರ ಮೇಲೆ ಶಕ್ತಿಯನ್ನೂ ಬದಲಿಸುವುದರಿಂದ ದೊರೆಯುವ ಲಾಭ ಅತ್ಯಲ್ಪವೆಂದು ಗೋಲ್ಡ್‌ಸ್ಮಿತ್ ಮತ್ತು ವರೈಯ 1997ರಲ್ಲಿಯೇ ತೋರಿಸಿದರು. ನಾಲ್ಕನೆಯ ಪೀಳಿಗೆಯ ಮೊಬೈಲ್ ವ್ಯವಸ್ಥೆಯೂ ಈ ಮಾರ್ಗವನ್ನೇ ಹಿಡಿದಿದೆ. ಫೋನು ತನ್ನ ಮಾರ್ಗದ ಗುಣವನ್ನು 15 ಮೆಟ್ಟಿಲುಗಳಲ್ಲಿ ವರದಿ ಮಾಡುತ್ತದೆ. ಗೋಪುರವು ಅದಕ್ಕನುಗುಣವಾಗಿ ಸಂಕೇತದ ದರವನ್ನೂ, ಒಂದು ಚಿಹ್ನೆಗೆ 2, 4, 6 ಮುಂತಾದ ಬಿಟ್‌ಗಳ ಮಾಡ್ಯುಲೇಷನ್ನನ್ನೂ ಆರಿಸುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಒಬ್ಬನೇ ಬಳಕೆದಾರನಿದ್ದಾಗ ದಿಬ್ಬವನ್ನು ಬಿಟ್ಟುದರಿಂದ ಹಾನಿಯಿಲ್ಲ. ಅವನ ಸಂದೇಶವನ್ನು ಮಡುಗಳೇ ಹೊತ್ತೊಯ್ಯುತ್ತವೆ. ಆದರೆ ಒಟ್ಟು ವೇಗವನ್ನು ಹಿಗ್ಗಿಸುವ ಅದೇ ಗುರಿಯನ್ನು ಹಲವು ಬಳಕೆದಾರರ ನಡುವೆ ತಂದಾಗ ದಿಬ್ಬವೆಂಬುದು ವಾಹಕವಾಗಿ ಉಳಿಯದೆ ಮನುಷ್ಯನಾಗುತ್ತದೆ. ಗೋಪುರದ ಬುಡದ ಪೇಟೆಗೆ ಎಲ್ಲವೂ ಸಲ್ಲುತ್ತದೆ. ಗುಡ್ಡದ ಮರೆಯ ಹಳ್ಳಿಯಲ್ಲಿ ಕುಳಿತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ದರವನ್ನು ಕೇಳಬಯಸುವ ರೈತನಿಗೆ ಏನೂ ಸಲ್ಲದು. ಈ ಪಲ್ಲಟವನ್ನು ಹೇಳದೆ, ಒಟ್ಟು ವೇಗದ ಒಂದು ರೇಖೆಯನ್ನು ಮಾತ್ರ ಮುಂದಿಟ್ಟು ಜಯ ಸಾರುವುದು ಯುಕ್ತವಲ್ಲ.

ಇದಕ್ಕೆ ಪರಿಹಾರವಿಲ್ಲವೆನ್ನುವಂತಿಲ್ಲ. ಪ್ರತಿಯೊಬ್ಬನ ಈಗಿನ ವೇಗವನ್ನು ಅವನು ಈವರೆಗೆ ಪಡೆದ ಸರಾಸರಿಯೊಡನೆ ತೂಗಿ ಸರದಿ ಕೊಡುವ ಅನುಪಾತ ಹಂಚಿಕೆಯು ಬಳಕೆಯಲ್ಲಿದೆ. ಒಟ್ಟು ಮೊತ್ತವು ತುಸು ತಗ್ಗಿದರೂ ದುರ್ಬಲನ ಸರದಿ ತಪ್ಪುವುದಿಲ್ಲ. ನಮ್ಮ ಕೆರೆಗಳ ನೀರುಗಂಟಿಯೂ ತೂಬಿನ ಹತ್ತಿರದ ಗದ್ದೆಯನ್ನಷ್ಟೇ ನೋಡಿ ನೀರು ಬಿಡುತ್ತಿರಲಿಲ್ಲ. ಕೊನೆಯ ಗದ್ದೆಗೂ ನೀರು ಮುಟ್ಟಿಸುವುದು ಅವನ ಹೊಣೆಯಾಗಿತ್ತು. ಆದುದರಿಂದ ಇಂಥ ಪ್ರಬಂಧಗಳು ಒಟ್ಟು ವೇಗದೊಡನೆ ಅತ್ಯಂತ ದುರ್ಬಲ ಬಳಕೆದಾರನ ವೇಗವನ್ನೂ ತಪ್ಪದೆ ತೋರಿಸಬೇಕೆಂಬುದು ನಮ್ಮ ಮತ.