ಜಯವೂ ಸಿದ್ಧಿಯೂ

ಭರತಮುನಿಯ ನಾಟ್ಯಶಾಸ್ತ್ರದಲ್ಲಿ 27ನೆಯ ಅಧ್ಯಾಯವು ಸಿದ್ಧಿಯ ವಿಚಾರಕ್ಕೆ ಮೀಸಲಾದುದು. ನಟರು ತಮ್ಮ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಮಾತ್ರದಿಂದಲೇ ಪ್ರಯೋಗವು ಸಿದ್ಧಿಸಿತೆಂದು ಮುನಿಯು ಹೇಳುವುದಿಲ್ಲ. ನೋಡುವವರ ಮುಗುಳ್ನಗೆ, ಅಟ್ಟಹಾಸ, ‘ಸಾಧು’ ‘ಅಹೋ’ ಎಂಬ ಉದ್ಗಾರ, ‘ಅಯ್ಯೋ’ ಎಂಬ ಮರುಕ, ಇವು ವಾಙ್ಮಯೀ ಸಿದ್ಧಿಯ ಗುರುತುಗಳು. ಮೈನವಿರೇಳುವುದು, ಆಸನದಿಂದ ಎದ್ದು ನಿಲ್ಲುವುದು, ಉತ್ತರೀಯವನ್ನೂ ಉಂಗುರವನ್ನೂ ರಂಗದ ಕಡೆಗೆ ಎಸೆಯುವುದು, ಇವು ಶಾರೀರೀ ಸಿದ್ಧಿಯ ಗುರುತುಗಳು. ಇವೆರಡಕ್ಕೂ ಮೇಲಾದುದು ದೈವೀ ಸಿದ್ಧಿ: ಅಲ್ಲಿ ಸದ್ದಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ, ಆದರೆ ರಂಗಮಂದಿರವು ತುಂಬಿದೆ. ಈ ಗುರುತುಗಳೆಲ್ಲವೂ ನೋಡುವವರ ಪಕ್ಷದಲ್ಲಿವೆಯೆಂಬುದನ್ನು ಲಕ್ಷಿಸಬೇಕು. ಆಡುವವರ ಪಕ್ಷದಲ್ಲಿ ಮುನಿಯು ಹೇಳುವುದು ಬಹುಮಟ್ಟಿಗೆ ದೋಷಗಳ ಪಟ್ಟಿಯನ್ನು ಮಾತ್ರ.

ಕ್ರಿಕೆಟ್ಟಿಗೂ ಭರತನಿಗೂ ಏನು ನಂಟೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಂಟು ಅಷ್ಟೇನೂ ದೂರದ್ದಲ್ಲ. ಐದು ದಿನಗಳ ಟೆಸ್ಟು ಪಂದ್ಯವು ದೃಶ್ಯಕಾವ್ಯದ ಜಾತಿಗೆ ಸೇರಿದುದು. ಅದಕ್ಕೆ ಅಂಕಗಳುಂಟು, ಅಂಕಗಳ ನಡುವೆ ವಿಷ್ಕಂಭಗಳುಂಟು. ಹಾಡಿಲ್ಲವೆಂಬ ಕೊರತೆಯನ್ನು ಕಲ್ಕತ್ತದ ಜನರು ತಾವೇ ತುಂಬಿಕೊಡುತ್ತಾರೆ. ಎರಡು ಮೇಳಗಳು ಪಂಥ ಕಟ್ಟಿ ಆಡುವುದನ್ನೂ, ಪ್ರಾಶ್ನಿಕರು ದೋಷಗಳನ್ನು ಎಣಿಸುವುದನ್ನೂ, ಗೆದ್ದವರಿಗೆ ಪತಾಕೆಯನ್ನು ಕೊಡುವುದನ್ನೂ ಭರತನೇ ಅದೇ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಕರಾವಳಿಯ ಜೋಡಾಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

2019ನೆಯ ಅಕ್ಟೋಬರ್ 22ರ ಬೆಳಿಗ್ಗೆ ರಾಂಚಿಯಲ್ಲಿ ಭಾರತದ ತಂಡವು ದಕ್ಷಿಣ ಆಫ್ರಿಕದ ಕಡೆಯ ಎರಡು ವಿಕೆಟ್ಟುಗಳನ್ನು ಎರಡೇ ಓವರುಗಳಲ್ಲಿ ಕೆಡವಿ, ಒಂದು ಇನ್ನಿಂಗ್ಸು ಮತ್ತು 202 ಓಟಗಳಿಂದ ಜಯ ಪಡೆಯಿತು. ಮೂರು ಪಂದ್ಯಗಳಲ್ಲಿ ಮೂರೂ ಗೆಲುವು. ರೋಹಿತ್ ಶರ್ಮರು ಆ ಪಂದ್ಯದಲ್ಲಿ 212 ಓಟಗಳನ್ನು ಹೊಡೆದಿದ್ದರು. ಸದ್ದಿಲ್ಲ, ಕ್ಷೋಭೆಯಿಲ್ಲ, ಉತ್ಪಾತವಿಲ್ಲ. ದೈವೀ ಸಿದ್ಧಿಯ ಲಕ್ಷಣಗಳಲ್ಲಿ ಕಡೆಯದೊಂದನ್ನು ಬಿಟ್ಟು ಮಿಕ್ಕವೆಲ್ಲ ಅಲ್ಲಿ ನೆರೆದಿದ್ದವು. ಪಂದ್ಯದುದ್ದಕ್ಕೂ ಸಾಲುಸಾಲು ಕುರ್ಚಿಗಳು ಬರಿದಾಗಿದ್ದವು. ಅದರ ಹಿಂದಿನ ಪಂದ್ಯವು ಪುಣೆಯಲ್ಲಿ ಮುಗಿದಾಗ ಭಾರತವು ತನ್ನ ನೆಲದಲ್ಲಿ ಒಂದರಮೇಲೊಂದರಂತೆ 11 ಸರಣಿಗಳನ್ನು ಗೆದ್ದು, ಆಸ್ಟ್ರೇಲಿಯದ ಹತ್ತರ ದಾಖಲೆಯನ್ನು ಮುರಿದಿತ್ತು. ಟೆಸ್ಟು ತಂಡಗಳಲ್ಲಿ ಮೊದಲನೆಯ ಸ್ಥಾನಕ್ಕೆ ಕೊಡುವ ಗದೆಯು ಆ ವರ್ಷದ ಏಪ್ರಿಲಿನಲ್ಲಿ ಸತತವಾಗಿ ಮೂರನೆಯ ಸಲ ಭಾರತದ ಕೈಯಲ್ಲೇ ಉಳಿದಿತ್ತು. ಇಷ್ಟು ದೊಡ್ಡ ಜಯವನ್ನು ನೋಡಲು ಇಷ್ಟು ಸಣ್ಣ ಸಭೆ ನೆರೆದುದೇಕೆ ಎಂಬುದೇ ಇಲ್ಲಿಯ ಪ್ರಶ್ನೆ.

ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರವೊಂದುಂಟು. ಪ್ರೇಕ್ಷಕರ ರುಚಿಯು ಕೆಟ್ಟಿತು. ಇಪ್ಪತ್ತು ಓವರುಗಳ ಆಟವು ಅವರ ನಾಲಗೆಗೆ ಖಾರವನ್ನು ಹತ್ತಿಸಿತು. ಇನ್ನು ಸಾತ್ತ್ವಿಕಾಹಾರವು ರುಚಿಸುವುದೆಂತು ಎಂಬುದು ಆ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ನಾಟಕವು ಸೊರಗಿದಾಗ ಸಭಿಕರನ್ನು ಬಯ್ಯುವುದು ಮೇಳದ ಯಜಮಾನರ ಹಳೆಯ ಚಾಳಿ. ತರುಣರಿಗೆ ಒಂದು ಪ್ರಿಯ, ವಿದ್ವಾಂಸರಿಗೆ ಇನ್ನೊಂದು, ಧನಾರ್ಥಿಗಳಿಗೆ ಮತ್ತೊಂದು. ಎಲ್ಲ ಗುಣಗಳೂ ಒಬ್ಬನೇ ಪ್ರೇಕ್ಷಕನಲ್ಲಿ ಸಿಕ್ಕುವುದಿಲ್ಲವೆಂದು ಭರತನೇ ಒಪ್ಪಿಕೊಂಡು, ಆ ಮಿಶ್ರಸಭೆಯನ್ನೇ ಮೆಚ್ಚಿಸತಕ್ಕುದೆಂದು ಪ್ರಯೋಕ್ತೃಗಳಿಗೆ ಹೊಣೆ ಹೊರಿಸಿದ್ದಾನೆ. ಆದುದರಿಂದ ವಿಚಾರಣೆಯು ರಂಗದ ಮೇಲಿನಿಂದಲೇ ಆರಂಭವಾಗತಕ್ಕುದು.

ಹಿಂದಿನ ಸಭೆಗಳು ಹೇಗಿದ್ದುವೆಂಬುದನ್ನು ಮೊದಲು ನೋಡಬಹುದು. 1975ನೆಯ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸರು 64 ಓಟಗಳಿಗೆ 7 ವಿಕೆಟ್ಟುಗಳನ್ನು ಕಿತ್ತು, ಭಾರತವು 190ಕ್ಕೆ ಮುಗಿಯಿತು. ಆ 190ರಲ್ಲಿ ಗುಂಡಪ್ಪ ವಿಶ್ವನಾಥರದು 97; ಅವರು ಔಟಾಗದೆ ಉಳಿದರು. ನೂರಕ್ಕೆ ಮೂರು ಕಡಮೆಯಾದ ಆ ಅಂಕೆಯನ್ನು ಅರ್ಧ ಶತಮಾನ ಕಳೆದರೂ ಜನರು ಮರೆತಿಲ್ಲ. ಭಾರತವು ಆ ಪಂದ್ಯವನ್ನು 100 ಓಟಗಳಿಂದ ಗೆದ್ದುದು ನಿಜ. ಸರಣಿಯನ್ನೋ 2ಕ್ಕೆ 3ರಂತೆ ಸೋತಿತು. ಅದೇ ಸರಣಿಯ ಮೊದಲ ಪಂದ್ಯವು, 1974ನೆಯ ನವೆಂಬರಿನಲ್ಲಿ, ಬೆಂಗಳೂರು ಕಂಡ ಮೊಟ್ಟಮೊದಲ ಟೆಸ್ಟು. ಅಲ್ಲಿ ಭಾರತವು 267 ಓಟಗಳಿಂದ ಸೋತಿತು. ಆದರೂ ಆಗ ಮೊದಲ ಸಲ ಟೆಸ್ಟಿಗೆ ಇಳಿದ ರಿಚರ್ಡ್ಸರನ್ನು ಮೈಸೂರಿನ ಚಂದ್ರಶೇಖರರು ಎರಡು ಇನ್ನಿಂಗ್ಸುಗಳಲ್ಲೂ ಒಂದಂಕಿಯ ಮೊತ್ತಕ್ಕೇ ಕೆಡವಿದ್ದು ಈ ನಾಡಿನ ಕ್ರಿಕೆಟ್ಟಿನ ಕಥೆಯಲ್ಲಿ ಒಂದು ಸೊಗಸಾದ ಪ್ರಕರಣವಾಗಿ ನಿಂತಿದೆ. ಸೋತ ಸರಣಿಯು ಬಾಯಿಂದ ಬಾಯಿಗೆ ಹರಿದು ಬಂದಿತು. ಗೆದ್ದ ಸರಣಿಯು ಪಟ್ಟಿಗಳಲ್ಲಿ ಮಾತ್ರ ಉಳಿಯಿತು. ಇದು ಸಣ್ಣ ವಿಷಯವಲ್ಲ.

ಇನ್ನೊಂದು ನಿದರ್ಶನವು ಇದಕ್ಕಿಂತಲೂ ಬಲವಾದುದು. 1999ನೆಯ ಜನವರಿ 31ರಂದು ಅದೇ ಚೆಪಾಕಿನಲ್ಲಿ ಪಾಕಿಸ್ತಾನದ ಮೇಲೆ 271 ಓಟಗಳ ಗುರಿಯನ್ನು ಬೆನ್ನಟ್ಟಿದ ಭಾರತವು, ಬೆನ್ನುನೋವಿನಲ್ಲೇ ತೆಂಡೂಲ್ಕರರು 136 ಓಟಗಳನ್ನು ಕೂಡಿಸಿಕೊಟ್ಟ ಮೇಲೂ, 258ಕ್ಕೆ ಮುಗಿದು 12 ಓಟಗಳಿಂದ ಸೋತಿತು. ಕ್ಷಣಕಾಲ ಮೂಕವಾಗಿದ್ದ ಸಭೆಯು ಅನಂತರ ಎದ್ದು ನಿಂತು ಗೆದ್ದ ಪಾಕಿಸ್ತಾನದವರಿಗೆ ಚಪ್ಪಾಳೆ ತಟ್ಟಿತು. ಅವರು ಮೈದಾನವನ್ನು ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿದರು. ಮುನಿಯು ಹೇಳಿದ ‘ಅಯ್ಯೋ’ ಎಂಬ ಮರುಕವೂ ಎದ್ದು ನಿಲ್ಲುವ ಮರ್ಯಾದೆಯೂ ಒಂದೇ ಸಂಜೆಯಲ್ಲಿ, ಒಂದೇ ಸಭೆಯಲ್ಲಿ ಕಾಣಿಸಿಕೊಂಡವು. ತಮ್ಮವರು ಸೋತರೂ ಪ್ರಯೋಗವು ಸಿದ್ಧಿಸಿತೆಂಬುದನ್ನು ಆ ಜನರು ಯಾವ ಶಾಸ್ತ್ರವನ್ನೂ ಓದದೆಯೇ ತಿಳಿದರು. ಎರಡು ವರ್ಷಗಳ ಮೇಲೆ, 2001ನೆಯ ಮಾರ್ಚಿಯಲ್ಲಿ, ಕಲ್ಕತ್ತದ ಈಡನ್ ತೋಟದಲ್ಲಿ 274 ಓಟಗಳ ಹಿಂದುಳಿಕೆಯಿಂದ ಮತ್ತೆ ಆಡಬೇಕಾಗಿ ಬಂದ ಭಾರತವನ್ನು ಲಕ್ಷ್ಮಣರ 281 ಮತ್ತು ದ್ರಾವಿಡರ 180 ಎತ್ತಿ ಹಿಡಿದವು. ನಾಲ್ಕನೆಯ ದಿನ ಬೆಳಗಿನಿಂದ ಸಂಜೆಯ ವರೆಗೆ ಒಂದು ವಿಕೆಟ್ಟೂ ಬೀಳಲಿಲ್ಲ. ಸತತವಾಗಿ 16 ಟೆಸ್ಟುಗಳನ್ನು ಗೆದ್ದು ಬಂದಿದ್ದ ಆಸ್ಟ್ರೇಲಿಯವು 171 ಓಟಗಳಿಂದ ಸೋತಿತು. ವಿಕೆಟ್ಟು ಬೀಳದ ದಿನವನ್ನೂ ಕುತೂಹಲದಿಂದ ನೋಡಬಲ್ಲ ಜನ ಈ ದೇಶದಲ್ಲಿ ಇದ್ದರು.

ಈ ಮೂರೂ ಪ್ರಸಂಗಗಳಲ್ಲಿ ಸಮಾನವಾದುದೇನು? ಎದುರಾಳಿಯ ಹಿರಿಮೆ. ಕನ್ನಡಿಗರಿಗೆ ಇದನ್ನು ರನ್ನಕವಿಯು ಸಾವಿರ ವರ್ಷಗಳ ಹಿಂದೆಯೇ ಕಲಿಸಿದ್ದಾನೆ. ಸಾಹಸಭೀಮನ ವಿಜಯವನ್ನು ಹೇಳಹೊರಟ ಕವಿಯು ದುರ್ಯೋಧನನನ್ನು ಹುಲ್ಲಿನ ಬೊಂಬೆಯಾಗಿ ನಿಲ್ಲಿಸಲಿಲ್ಲ. ಅವನಿಗೆ ಛಲವನ್ನು ಕೊಟ್ಟನು, ದುಃಖವನ್ನು ಕೊಟ್ಟನು, ಸ್ನೇಹವನ್ನು ಕೊಟ್ಟನು. ಆ ಭಾರವನ್ನೆಲ್ಲ ಹೊತ್ತವನು ಬಿದ್ದುದರಿಂದಲೇ ಭೀಮನ ಗೆಲುವಿಗೆ ತೂಕ ಬಂದಿತು. ಗದೆಯು ಭೀಮನ ಕೈಯಲ್ಲಿ ಮಾತ್ರ ಇದ್ದರೆ ಗದಾಯುದ್ಧವಾಗದು.

2019ರಲ್ಲಿ ಭಾರತದೆದುರು ನಿಂತವರ ಸ್ಥಿತಿಯನ್ನು ನೋಡಿರಿ. ಆಮ್ಲಾ ಮತ್ತು ಸ್ಟೇನ್ ಆ ಆಗಸ್ಟಿನಲ್ಲೇ ಟೆಸ್ಟನ್ನು ಬಿಟ್ಟಿದ್ದರು. ಡಿವಿಲಿಯರ್ಸ್ ಮತ್ತು ಮಾರ್ಕಲ್ ಹಿಂದಿನ ವರ್ಷವೇ ನಿವೃತ್ತರಾಗಿದ್ದರು. ವೇಗದ ಎಸೆತಗಾರರಾದ ಅಬಟ್ 2017ರಲ್ಲಿಯೂ ಒಲಿವಿಯರ್ 2019ರಲ್ಲಿಯೂ ಇಂಗ್ಲೆಂಡಿನ ಕೌಂಟಿಗಳ ಸಂಬಳವನ್ನು ಒಪ್ಪಿ ದೇಶದ ತಂಡವನ್ನು ತೊರೆದಿದ್ದರು. ವಿಶಾಖಪಟ್ಟಣದಲ್ಲಿ ಎಲ್ಗರರ 160, ಡಿಕಾಕರ 111 ಇವುಗಳಿಂದ ಆ ತಂಡವು 431ರ ವರೆಗೆ ಏರಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಅಷ್ಟಕ್ಕೇ ಅವರ ಕಸುವು ತೀರಿತು. ಬೆನ್ನಿಗೆ ಬಂದ ಬಾಂಗ್ಲಾದೇಶದ ತಂಡಕ್ಕೆ ಅದರ ನಾಯಕ ಶಕೀಬರೇ ಇರಲಿಲ್ಲ. ಬುಕ್ಕಿಯ ಸಂಪರ್ಕವನ್ನು ತಿಳಿಸದೆ ಹೋದುದಕ್ಕಾಗಿ ಪ್ರವಾಸದ ಹೊಸ್ತಿಲಲ್ಲಿ ಅವರಿಗೆ ನಿಷೇಧ ಬಿದ್ದಿತ್ತು. ಪುಣೆ, ರಾಂಚಿ, ಇಂದೂರು, ಕಲ್ಕತ್ತ: ನಾಲ್ಕು ಪಂದ್ಯಗಳಲ್ಲಿ ಸಾಲಾಗಿ ಇನ್ನಿಂಗ್ಸಿನ ಜಯ. ಟೆಸ್ಟಿನ ಚರಿತ್ರೆಯಲ್ಲೇ ಅದಕ್ಕೆ ಮೊದಲು ಯಾವ ತಂಡವೂ ಇದನ್ನು ಸಾಧಿಸಿರಲಿಲ್ಲ. ಬೆಂಗಳೂರಿನ ಮಾಯಾಂಕ್ ಅಗರವಾಲರು ವಿಶಾಖಪಟ್ಟಣದಲ್ಲಿ 215, ಇಂದೂರಿನಲ್ಲಿ 243 ಓಟಗಳನ್ನು ಹೊಡೆದರು. ಎರಡು ತಿಂಗಳೊಳಗೆ ಎರಡು ದ್ವಿಶತಕಗಳು! ಇವುಗಳಲ್ಲಿ ಒಂದನ್ನಾದರೂ ಚೆಪಾಕಿನ ಆ 97ರಂತೆ ನೆನಪಿನಿಂದ ವರ್ಣಿಸಬಲ್ಲವರು ಕನ್ನಡನಾಡಿನಲ್ಲೇ ಎಷ್ಟು ಮಂದಿ ಸಿಕ್ಕಿಯಾರು? ದಾಂಡಿಗನ ದೋಷ ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರೆದುರು ರಾಬರ್ಟ್ಸ್ ಇರಲಿಲ್ಲ.

ಎದುರಾಳಿಗಳು ಬಡವಾದುದು ದೈವದಿಂದಲ್ಲ. ಪ್ರಯೋಗಕ್ಕೆ ಒದಗುವ ಘಾತಗಳನ್ನು ಭರತನು ವಿಂಗಡಿಸುವಾಗ ಗಾಳಿಮಳೆಗಳಿಂದ ಬಂದುದು, ಹಗೆಗಳಿಂದ ಬಂದುದು, ತಮ್ಮಿಂದಲೇ ಹುಟ್ಟಿದುದು ಎಂದು ಹೇಳುತ್ತಾನೆ. ಇದು ಮೂರನೆಯ ಜಾತಿಯದು. ಆಟದಿಂದ ಬರುವ ಹಣದ ಬಹುಭಾಗವು ಎರಡು ಮೂರು ದೇಶಗಳ ಬೊಕ್ಕಸಕ್ಕೆ ಹರಿಯುತ್ತದೆ. ಮಿಕ್ಕವರ ಒಳ್ಳೆಯ ಆಟಗಾರರು ಹೊಟ್ಟೆಪಾಡಿಗಾಗಿ ಚದರುತ್ತಾರೆ. 2024ರಿಂದ 2027ರ ವರೆಗಿನ ಅಂತರರಾಷ್ಟ್ರೀಯ ಹಂಚಿಕೆಯಲ್ಲಿ ಭಾರತದ ಪಾಲೊಂದೇ ನೂರಕ್ಕೆ 38ನ್ನು ಮೀರಿದೆ. ದುರ್ಯೋಧನನ ಅನ್ನವನ್ನು ಕಸಿದುಕೊಂಡು ಅವನನ್ನು ಗದಾಯುದ್ಧಕ್ಕೆ ಕರೆದರೆ ನೋಡಲು ಯಾರು ಬಂದಾರು?

ರಂಗದ ವಿಚಾರವೂ ಸ್ವಲ್ಪ ಉಂಟು. 2015ರಲ್ಲಿ ಭಾರತದ ಮಂಡಲಿಯು ರಾಂಚಿ, ಇಂದೂರು, ಪುಣೆ, ರಾಜಕೋಟೆ, ವಿಶಾಖಪಟ್ಟಣ, ಧರ್ಮಶಾಲೆ ಎಂಬ ಆರು ಊರುಗಳಿಗೆ ಹೊಸದಾಗಿ ಟೆಸ್ಟಿನ ಹಕ್ಕನ್ನು ಕೊಟ್ಟಿತು. ಕೊಟ್ಟುದು ತಪ್ಪಲ್ಲ. ಆದರೆ ಒಂದು ಊರಿಗೆ ಎರಡು ಮೂರು ವರ್ಷಗಳಿಗೊಮ್ಮೆ, ಅದೂ ಯಾವ ತಿಂಗಳೆಂದು ತಿಳಿಯದಂತೆ ಬರುವ ಪಂದ್ಯವು ಜಾತ್ರೆಯಾಗಲಾರದು. ಮದರಾಸಿನಲ್ಲಿ ಪೊಂಗಲಿನ ಕಾಲಕ್ಕೆ ಟೆಸ್ಟು ಬರುತ್ತಿದ್ದ ದಿನಗಳಲ್ಲಿ ಮಗನು ತಂದೆಯ ಪಕ್ಕದಲ್ಲಿ ಬುತ್ತಿಯೊಡನೆ ಕುಳಿತು ನೋಡುವುದನ್ನು ಕಲಿಯುತ್ತಿದ್ದನು. ನೋಡುವುದೂ ಒಂದು ವಿದ್ಯೆ, ಪಾಠಾಂತರವಿಲ್ಲದೆ ಬಾರದು. ಇತ್ತ 2018ರ ಏಪ್ರಿಲಿನಲ್ಲಿ ಐದು ವರ್ಷಗಳ ಪ್ರಸಾರದ ಹಕ್ಕು 6,138 ಕೋಟಿ ರೂಪಾಯಿಗಳಿಗೆ ವಿಕ್ರಯವಾದ ಮೇಲೆ, ಬಾಗಿಲಲ್ಲಿ ಟಿಕೆಟ್ಟು ಕೊಳ್ಳುವವನ ದುಡ್ಡು ಯಾವ ಲೆಕ್ಕಕ್ಕೆ? ಬಂದರೆ ಬರಲಿ, ಬಾರದಿದ್ದರೆ ಬಿಡಲಿ ಎಂಬ ಧೋರಣೆಯು ಅಲ್ಲಿಂದ ಹುಟ್ಟುವುದು ಸಹಜವೇ.

ರಾಂಚಿಯ ಪಂದ್ಯವು ಮುಗಿದೊಡನೆ ಆಗಿನ ನಾಯಕ ವಿರಾಟ್ ಕೋಹ್ಲಿಯವರು ದೇಶದಲ್ಲಿ ಟೆಸ್ಟಿಗೆ ಐದೇ ಸ್ಥಿರವಾದ ಕೇಂದ್ರಗಳಿರಲಿ ಎಂದು ಸೂಚಿಸಿದರು. ಬರುವವರಿಗೆ ತಾವು ಆಡುವ ನೆಲವೂ ಸಭೆಯೂ ಮೊದಲೇ ತಿಳಿದಿರಬೇಕೆಂಬುದು ಅವರ ಆಶಯ. ಸ್ಥಿರತೆ ಬೇಕೆಂದುದು ಒಪ್ಪತಕ್ಕ ಮಾತು. ಐದಕ್ಕೇ ಇಳಿಸಬೇಕೆಂದುದು ಅವಸರದ ಮಾತು. ಕೇಂದ್ರಗಳನ್ನು ಕಡಮೆ ಮಾಡಿದ ಮಾತ್ರಕ್ಕೆ ಸಹೃದಯರು ಹೆಚ್ಚುವುದಿಲ್ಲ. ಆರು ಹೊಸ ಊರುಗಳಿಗೂ ಪ್ರತಿ ವರ್ಷವೂ ಅಲ್ಲದಿದ್ದರೆ ವರ್ಷ ಬಿಟ್ಟು ವರ್ಷವಾದರೂ ಗೊತ್ತಾದ ತಿಥಿಯಲ್ಲಿ ಪಂದ್ಯ ಬರಲಿ. ಹತ್ತು ವರ್ಷ ಕಾದ ಮೇಲೆ ತೀರ್ಪು ಹೇಳಬಹುದು. ತಮ್ಮ ಗೆಲುವಿಗೆ ಸಭೆಯು ಸಾಲದೆಂದು ಮರುಗಿದ ನಾಯಕರು, ಸಭೆಗೆ ಆ ಗೆಲುವು ಸಾಲದೆ ಹೋಗಿರಬಹುದೆಂಬ ಕಡೆಗೆ ಗಮನ ಕೊಡಲಿಲ್ಲ.

ಒಂದು ತಿಂಗಳೊಳಗೆ ಕಲ್ಕತ್ತದಲ್ಲಿ ಭಾರತದ ಮೊದಲ ಹಗಲಿರುಳಿನ ಟೆಸ್ಟು ನಡೆಯಿತು. ಗುಲಾಬಿ ಬಣ್ಣದ ಚೆಂಡು, ದೀಪಗಳ ಬೆಳಕು, ಬಾಂಗ್ಲಾದೇಶದ ಪ್ರಧಾನಿಯ ಆಗಮನ, ತುಂಬಿದ ಈಡನ್. ಪ್ರೇಕ್ಷಕರು ಮರಳಿದರೆಂದು ಪತ್ರಿಕೆಗಳು ಹಿಗ್ಗಿದವು. ಹಿಗ್ಗಿಗೆ ಕಾರಣವಿಲ್ಲದಿರಲಿಲ್ಲ. ಆದರೆ ಅಲ್ಲಿಗೆ ಜನರನ್ನು ತಂದುದು ಅದ್ಭುತ, ವೀರವಲ್ಲ. ಬಾಂಗ್ಲಾದೇಶವು ಮೊದಲ ದಿನವೇ 106ಕ್ಕೆ ಉರುಳಿತು. ಮೂರನೆಯ ದಿನ ಗಂಟೆಯೊಳಗೆ ಎಲ್ಲ ಮುಗಿಯಿತು. ಅದ್ಭುತವು ಎರಡನೆಯ ಸಲ ಅದ್ಭುತವಾಗಿರುವುದಿಲ್ಲ.

ಜನರು ಮೈದಾನಕ್ಕೆ ಬಾರದಿದ್ದರೇನು, ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲೂ ಕೈಯಲ್ಲಿರುವ ಫೋನಿನಲ್ಲೂ ನೋಡುತ್ತಾರಲ್ಲ ಎಂದು ಕೆಲವರ ಆಕ್ಷೇಪ. ಟೆಲಿವಿಷನ್ನಿನ ಮುಂದೆ ಬೆಳಗಿನಿಂದ ಸಂಜೆಯ ವರೆಗೆ ಕುಳಿತವನು ಪ್ರೇಕ್ಷಕನೇ ಸರಿ, ಅವನನ್ನು ತಳ್ಳಿಹಾಕಲಾಗದು. ಫೋನಿನಲ್ಲಿ ಗಂಟೆಗೊಮ್ಮೆ ಅಂಕಿಗಳನ್ನು ನೋಡುವವನು ಮಾತ್ರ ಕಾವ್ಯವನ್ನು ಬಿಟ್ಟು ಫಲಶ್ರುತಿಯನ್ನು ಓದಿದಂತೆ. ಅಂಥವನಿಗೆ ಇನ್ನಿಂಗ್ಸಿನ ಜಯವೂ ಆರು ಓಟಗಳ ಜಯವೂ ಒಂದೇ ಬಗೆಯ ಸಮಾಚಾರ.

ಆರು ಓಟಗಳ ಮಾತು ಬಂದುದರಿಂದ ಹೇಳಬೇಕಾಗಿದೆ. 2025ನೆಯ ಆಗಸ್ಟ್ 4ರಂದು ಲಂಡನ್ನಿನ ಓವಲಿನಲ್ಲಿ ಇಂಗ್ಲೆಂಡಿಗೆ ಬೇಕಾಗಿದ್ದುದು 35 ಓಟಗಳು, ಭಾರತಕ್ಕೆ ಬೇಕಾಗಿದ್ದುದು 4 ವಿಕೆಟ್ಟುಗಳು. ಆಟವು ಒಂದು ಗಂಟೆಯೂ ನಡೆಯದೆ ಮುಗಿಯಬಹುದೆಂದು ತಿಳಿದೂ ಮೈದಾನವು ತುಂಬಿತ್ತು. ಭುಜದ ಕೀಲು ತಪ್ಪಿದ ವೋಕ್ಸರು ಒಂದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ದಾಂಡು ಹಿಡಿದು ಬಂದಾಗ ಎರಡೂ ಪಕ್ಷದ ಜನರು ಎದ್ದು ನಿಂತರು. ಸಿರಾಜರು ಕಡೆಯ ವಿಕೆಟ್ಟನ್ನು ಕಿತ್ತರು, ಭಾರತ ಗೆದ್ದಿತು, ಸರಣಿಯು 2ಕ್ಕೆ 2ರಂತೆ ಸಮವಾಯಿತು. ಮೇಳಗಳೆರಡೂ ಸಮಸಮವಾಗಿ ನಿಂತರೆ ಇಬ್ಬರಿಗೂ ಪತಾಕೆ ಸಲ್ಲಬೇಕೆಂದು ಭರತನ ಮತ.

ಇಂಥ ಸಭೆಯು ಲಂಡನ್ನಿನ ಸೊತ್ತೆಂದು ತಿಳಿಯಬೇಕಾದುದಿಲ್ಲ. 2024ನೆಯ ಅಕ್ಟೋಬರ್ 24ರಂದು ಪುಣೆಯ ಹೊರಗೆ ಗಹುಂಜೆಯ ಮೈದಾನದಲ್ಲಿ ನ್ಯೂಜಿಲೆಂಡಿನೊಡನೆ ಎರಡನೆಯ ಟೆಸ್ಟು ಆರಂಭವಾಯಿತು. ಬೆಂಗಳೂರಿನಲ್ಲಿ ಭಾರತವು 46 ಓಟಗಳಿಗೆ ಕುಸಿದು ಸೋತು ಬಂದಿತ್ತು. ಎದುರಾಳಿಗೆ ಬಲವುಂಟೆಂದು ಊರಿಗೆಲ್ಲ ತಿಳಿದಿತ್ತು. ಜನ ಬಂದರು. ನೆರಳಿಲ್ಲದ ಮೆಟ್ಟಿಲುಗಳ ಮೇಲೆ ಬಿಸಿಲಿನಲ್ಲಿ ಕುಳಿತವರಿಗೆ ಮಧ್ಯಾಹ್ನದ ಹೊತ್ತಿಗೆ ಕುಡಿಯಲು ನೀರು ಸಿಕ್ಕಲಿಲ್ಲ, ಗದ್ದಲವಾಯಿತು, ನಡೆಸುವವರು ಕ್ಷಮೆ ಬೇಡಿ ಮಾರನೆಯ ದಿನಕ್ಕೆ ಏರ್ಪಾಡು ಮಾಡಿದರು. ಸ್ಯಾಂಟ್ನರರು ಆ ಪಂದ್ಯದಲ್ಲಿ 13 ವಿಕೆಟ್ಟುಗಳನ್ನು ಕಿತ್ತರು. ಮೂರನೆಯ ದಿನ ಭಾರತವು 113 ಓಟಗಳಿಂದ ಸೋತು, ತನ್ನ ನೆಲದ 18 ಸರಣಿಗಳ ಗೆಲುವಿನ ಸಾಲು ಅಲ್ಲಿಗೆ ಮುಗಿಯಿತು.