ಒಂದೇ ಫಂಕ್ಷನ್ ಸಾಕಾಗುವ ಕಡೆ

ಕೋಡ್ ಓಡುತ್ತದೆ, ಉತ್ತರವೂ ಸರಿ. ಆದರೂ ಕೋಡ್ ತಪಾಸಣೆ ಮಾಡುವ ಲಿಂಟ್‌ಆರ್ ತಕರಾರು ತೆಗೆಯುತ್ತದೆ. ಆರ್ ಭಾಷೆಯಲ್ಲಿ ಅಂಕಿಅಂಶದ ಕೆಲಸ ಮಾಡುವ ನನಗೆ ಈ ಪ್ಯಾಕೇಜು ಇಷ್ಟವಾಗುವುದೂ, ಒಮ್ಮೊಮ್ಮೆ ಸಿಟ್ಟು ಬರಿಸುವುದೂ ಇದಕ್ಕೇ.

ಒಂದು ಕಾಲಂನಲ್ಲಿ ಎಲ್ಲಾದರೂ ಮೌಲ್ಯ ಬಿಟ್ಟುಹೋಗಿದೆಯೇ ಎಂದು ನೋಡಬೇಕು ಅನ್ನಿ. ಕೈ ತಾನಾಗಿ 'ಈಸ್ ಎನ್‌ಎ' ಬರೆದು ಅದರ ಸುತ್ತ 'ಎನಿ' ಹಾಕುತ್ತದೆ. ಒಳಗಿನ ಫಂಕ್ಷನ್ ಮೊದಲು ಪ್ರತಿ ಸಾಲಿಗೂ ಹೌದು-ಇಲ್ಲ ಎಂದು ಉದ್ದನೆಯ ಪಟ್ಟಿ ಮಾಡುತ್ತದೆ. ಆರ್‌ನಲ್ಲಿ ಅಂಥ ಒಂದೊಂದು ಉತ್ತರಕ್ಕೂ 4 ಬೈಟ್; 10 ಲಕ್ಷ ಸಾಲಿಗೆ ಸುಮಾರು 4 ಎಂಬಿ, ಅದೂ ಒಮ್ಮೆ ನೋಡಿ ಬಿಸಾಡಲಿಕ್ಕೆ! 'ಎನಿಎನ್‌ಎ' ಎಂಬ ಒಂದೇ ಫಂಕ್ಷನ್ ಆ ಪಟ್ಟಿಯನ್ನೇ ಮಾಡುವುದಿಲ್ಲ; ಮೊದಲ ಎನ್‌ಎ (ಬಿಟ್ಟುಹೋದ ಮೌಲ್ಯದ ಗುರುತು) ಸಿಕ್ಕ ಕೂಡಲೇ ನಿಲ್ಲುತ್ತದೆ. ಅದನ್ನು ಬಳಸಿ ಎನ್ನುತ್ತದೆ ಲಿಂಟ್‌ಆರ್.

ಲಿಂಟ್‌ಆರ್ ಮಾಡುವುದು ಬರೀ ಅಕ್ಷರ ಹುಡುಕಾಟವಲ್ಲ. ಕೋಡನ್ನು ಓಡಿಸದೆ ಪಾರ್ಸ್ ಮಾಡಿ, ಎಕ್ಸ್‌ಎಂಎಲ್‌ಗೆ ಇಳಿಸಿ, ಯಾವ ಫಂಕ್ಷನ್ ಯಾವುದರ ಒಳಗಿದೆ ಎಂದು ಎಕ್ಸ್‌ಪಾತ್‌ನಲ್ಲಿ ವಿಚಾರಿಸುತ್ತದೆ. ನಡುವೆ ಸಾಲು ಮುರಿದರೂ ಸಿಕ್ಕಿಬೀಳುತ್ತೀರಿ. ಕಾಮೆಂಟಿನಲ್ಲಿ ಅದೇ ಪದಗಳಿದ್ದರೆ ಸುಮ್ಮನಿರುತ್ತದೆ. ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ.

ಒಂಟಿ ಪದಕ್ಕೆ, ಮೌಲ್ಯಗಳನ್ನು ಜೋಡಿಸುವ 'ಸಿ' ಫಂಕ್ಷನ್ ಸುತ್ತುವ ಚಟವನ್ನೂ ಅದು ಬಿಡುವುದಿಲ್ಲ. ಇಲ್ಲಿ ವೇಗದ ಪ್ರಶ್ನೆ ಅಷ್ಟಿಲ್ಲ; 'ಸಿ' ಕಂಡ ಓದುಗ ಹಲವು ಮೌಲ್ಯಗಳನ್ನು ನಿರೀಕ್ಷಿಸುತ್ತಾನೆ, ಒಂದೇ ಸಿಗುತ್ತದೆ. (ಈ ಎರಡೂ ನಿಯಮ ತಾವಾಗಿ ಚಾಲೂ ಇರುವುದಿಲ್ಲ, ನಾವೇ ಸೇರಿಸಿಕೊಳ್ಳಬೇಕು.) ಆದರೆ ಮುಂದೆ ಇನ್ನೊಂದು ಹೆಸರು ಸೇರುವುದು ಗ್ಯಾರಂಟಿ ಇದ್ದಾಗ ನಾನು 'ಸಿ' ಉಳಿಸಿ, ಸಾಲಿನ ಕೊನೆಗೆ 'ನೋಲಿಂಟ್' ಎಂದು ಕಾಮೆಂಟ್ ಹಾಕುತ್ತೇನೆ. ಲಿಂಟ್‌ಆರ್ ಎದುರಾಡುವುದಿಲ್ಲ.