ಅವಾಸ್ ತಿಂಗ್ನಿಯ ನಕ್ಷೆ

ನಿಕರಾಗುವಾದ ಕೆರಿಬಿಯನ್ ಕಡೆಯ ಮಳೆಕಾಡಿನಲ್ಲಿ ಅವಾಸ್ ತಿಂಗ್ನಿ ಎಂಬ ಊರಿದೆ. ಮಾಯಂಗ್ನಾ ಜನರ ಊರು. ಅವರು ತಮ್ಮದೆನ್ನುವ ನೆಲದಲ್ಲಿ ಸುಮಾರು 62,000 ಹೆಕ್ಟೇರ್ ಕಾಡನ್ನು ಸರ್ಕಾರ 1996ರಲ್ಲಿ ಮರ ಕಡಿಯಲು ಕೊರಿಯಾ ಮೂಲದ ಕಂಪನಿಗೆ ಬರೆದುಕೊಟ್ಟಾಗ ಊರವರ ಕೈಯಲ್ಲಿ ಹಕ್ಕುಪತ್ರ ಇರಲಿಲ್ಲ. ಅವರ ಬೆನ್ನಿಗೆ ನಿಂತವರಲ್ಲಿ ಕಾನೂನು ಪ್ರಾಧ್ಯಾಪಕ ಜೇಮ್ಸ್ ಅನಾಯಾ, ಹಾರ್ವರ್ಡ್‌ನ ಮಾನವಶಾಸ್ತ್ರಜ್ಞ ಥಿಯೋಡೋರ್ ಮ್ಯಾಕ್‌ಡೊನಾಲ್ಡ್ ಇದ್ದರು. ಆ ನೆಲ ಊರವರದೇ ಎಂದು ತೋರಿಸಲು ಆ ಹೊತ್ತಿನಲ್ಲಿ ತಯಾರಾದ ನಕ್ಷೆಯ ಚೆಲುವಿನ ಬಗ್ಗೆ ಎರಡು ಮಾತು ಹೇಳಬೇಕು.

ನಕ್ಷೆಗಾಗಿ ಎತ್ತ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಊರವರಿಗೆ ಬಿಟ್ಟದ್ದು. ಹಿರಿಯರ ನೆನಪು ಮುಂದೆ, ಜಿಪಿಎಸ್ ಉಪಕರಣ ಹಿಂದೆ. ಉರುಸ್ ಅಸಾಂಗ್ ಬೆಟ್ಟದಲ್ಲಿ ಪೂರ್ವಿಕರನ್ನು ಮಣ್ಣುಮಾಡಿದ್ದಾರೆ. ಕಿಯಾಮಾಕ್ ಬೆಟ್ಟದಲ್ಲಿ ಅವರು ಬಾಣಗಳನ್ನು ಇರಿಸಿ ಹೋಗಿದ್ದಾರೆ. ಕುರು ವಾಸ್ ಹಳ್ಳದ ಬಳಿ ಹಳೆಯ ಊರಿತ್ತು. ಈ ಬೆಟ್ಟಗಳ ಅಡಿಯಲ್ಲಿ ಅಸಾಂಗ್‌ಪಾಸ್ ಮುಯ್ಗೆನಿ ಎಂಬ ಶಕ್ತಿ ನೆಲೆಸಿದೆ ಎಂಬ ನಂಬಿಕೆಯಿದೆ; ಅಲ್ಲಿ ಹಾದುಹೋಗುವವರು ತೀರಿಹೋದ ಪೂರ್ವಿಕರ ಮೇಲಿನ ಗೌರವದಿಂದ ಮಾತು ನಿಲ್ಲಿಸಿ ನಡೆಯುತ್ತಾರೆ. ಎಂಥ ನುರಿತ ಸರ್ವೆಯವನೇ ಆಗಲಿ, ಒಬ್ಬನೇ ಹೋದರೆ ಆ ಜಾಗವನ್ನು ದಾಟಿಬಿಡುತ್ತಾನೆ. ಅವನ ಕಣ್ಣಿಗೆ ಅದು ಬರೀ ಮರ, ಬರೀ ಏರು. ಬಾಯಿ ಮುಚ್ಚಬೇಕಾದ ಜಾಗ ಯಾವುದೆಂದು ಗೊತ್ತಿದ್ದವರು ಮಾತ್ರ ಅಲ್ಲೊಂದು ಚುಕ್ಕಿ ಇಡಬಲ್ಲರು. ಈ ನಕ್ಷೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ: ಭಯಭಕ್ತಿಗೂ ಒಂದು ಅಕ್ಷಾಂಶ, ಒಂದು ರೇಖಾಂಶ.

ವಿವಾದ ನ್ಯಾಯಾಲಯದ ಮೆಟ್ಟಿಲೇರಿದಾಗ ಸರ್ಕಾರಿ ಪಕ್ಷ ಸುಮ್ಮನಿರಲಿಲ್ಲ. ಈ ಜನ ಇಲ್ಲಿಗೆ ಬಂದದ್ದೇ 1940ರ ದಶಕದಲ್ಲಿ, ನಕ್ಷೆಗೆ ಆಧಾರ ಬರೀ ಬಾಯಿಮಾತು ಎಂದಿತು. ಅವರು ತುಬುರುಸ್ ಎಂಬಲ್ಲಿಂದ ಈಗಿನ ಊರಿಗೆ ಬಂದದ್ದು ನಿಜ. ಆದರೆ ಹಿಂದಿನ ಊರು, ಸಮಾಧಿ, ಬೇಟೆಯ ಹಾದಿಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಅದು ತಮ್ಮದೇ ನೆಲದೊಳಗಿನ ಓಡಾಟ. ಇನ್ನು ಬಾಯಿಮಾತು ಎಂದು ತಳ್ಳಿಹಾಕಿದ್ದು ತಲೆಮಾರುಗಳಿಂದ ಇಳಿದುಬಂದ ಅರಿವು. ಅದನ್ನು ಸಾಕ್ಷ್ಯವೆಂದು ಎತ್ತಿಹಿಡಿಯಲು ಆ ವಿದ್ವಾಂಸರು ತೋರಿದ ವಿನಯ, ಹಟ ಎರಡೂ ನನಗೆ ಪ್ರಿಯ. ಎಷ್ಟೋ ಸಂಶೋಧಕರಲ್ಲಿ ಮೊದಲನೆಯದೇ ಇರುವುದಿಲ್ಲ.

2001ರ ಆಗಸ್ಟ್ 31ರಂದು ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ ಊರವರ ಪರ ತೀರ್ಪು ಕೊಟ್ಟಿತು. ಗಡಿ ಗುರುತಿಸಿ ಹಕ್ಕುಪತ್ರ ಕೊಡಲು ಸರ್ಕಾರಕ್ಕೆ 15 ತಿಂಗಳ ಗಡುವು. ಆದರೆ ಸುಮಾರು 73,000 ಹೆಕ್ಟೇರಿನ ಆ ಪತ್ರ ಊರವರ ಕೈಸೇರಿದ್ದು 2008ರ ಡಿಸೆಂಬರ್‌ನಲ್ಲಿ. ಹೊರಗಿನಿಂದ ಬಂದು ಕಾಡು ಕಡಿದು ನೆಲೆಯೂರುವವರ ಒತ್ತುವರಿ ಆಮೇಲೂ ನಿಲ್ಲಲಿಲ್ಲ. ಅದನ್ನು ಎದುರಿಸುವಾಗ ಅವಾಸ್ ತಿಂಗ್ನಿಯವರ ಕೈಯಲ್ಲಿ ಈಗ ಕಾಗದವೂ ಇದೆ.